ಕಕ್ಕಸಿನ ಕೆಂಪು ದೀಪ

"ಎಮ್ಮೆ ಉಚ್ಚೆ ಹೊಯ್ದಂಗೆ ಹೊಯ್ದ್ಬಿಟ್ಳಲ್ಲೋ, ಥೂ! ಬನಿಯನ್ ಎತ್ರೇ ಮೊದ್ಲು, ಮಾಲಿಗೆ ತಗಲೀತು!"

ಮ್ಯಾನೇಜರ್ ಚೆನ್ನಿಯಪ್ಪನ್ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಕೂಗಿದ. ಹೊಲಿಗೆ ಯಂತ್ರದ ಮುಂದೆ ಪೂವಾಯಿ ಅಕ್ಕ ಎದ್ದು ನಿಂತಿದ್ದಳು. ಏಳು ತಿಂಗಳ ಹೊಟ್ಟೆ. ಸೀರೆಯ ನೆರಿಗೆಯಿಂದ ಇಳಿದದ್ದು ಪೆಡಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಅಳಲಿಲ್ಲ.

"ಎಷ್ಟು ಸಲ ಕಾರ್ಡ್ ತೋರಿಸಿದ್ರೂ ಬಾಗಿಲು ತೆಗೀಲಿಲ್ಲ ಸಾರ್. ಕೆಂಪು ದೀಪಾನೇ."

"ತೆಗೆಯಲ್ಲ. ನೀನು ಗಂಟೆಗೊಂದ್ಸಲ ಓಡಿದ್ರೆ ಲೈನು ನಿನ್ನಪ್ಪ ಓಡಿಸ್ತಾನಾ?" ಕಸ ಗುಡಿಸುವವಳಾದ ನನ್ನ ಕಡೆ ತಿರುಗಿದ. "ಏ ಪೊರಕೆ, ಒರೆಸು."

ಒರೆಸಿದೆ. ಪೂವಾಯಿ ಅಕ್ಕನ ಪಾದ ಎತ್ತಿ ಅದರಡಿಗೂ ಒರೆಸಿದೆ.

ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ನನಗೆ ಗೊತ್ತಿತ್ತು. ತಿರುಪ್ಪೂರಿನ ಈ ಬನಿಯನ್ ಕಂಪನಿಯಲ್ಲಿ ಹೆಂಗಸರ ಕಕ್ಕಸಿಗೆ ಕಾರ್ಡು ತೋರಿಸಬೇಕು. ಯಾರಿಗೆ ತೆಗೆಯಬೇಕು ಅನ್ನುವುದು ಕಂಪ್ಯೂಟರಿನ ಒಂದು ಫೈಲಿನಲ್ಲಿದೆ, ಸಾಲಿಗೊಂದು ಹೆಸರು; ಹೆಸರಿಲ್ಲದಿದ್ದರೆ ಕೆಂಪು ದೀಪ. ಬೆಳಿಗ್ಗೆ ನಾನು ಆಫೀಸು ಗುಡಿಸುವಾಗ ಕಂಪ್ಯೂಟರಿನ ಹುಡುಗ ಅರುಳ್ ಚೆನ್ನಿಯಪ್ಪನ್‌ಗೆ ಹಲ್ಲು ಬಿಟ್ಟು ಹೇಳುತ್ತಿದ್ದ: "ಪೈಥಾನ್‌ನಲ್ಲಿ ಪ್ರೋಗ್ರಾಂ ಬರ್ದಿದೀನಿ ಸಾರ್. ಫೈಲ್ ಓದುತ್ತೆ, ನೀವು ಹೇಳಿದ ಹೆಸರು ಬಿಟ್ಟು ಉಳಿದದ್ದನ್ನ ತಿರುಗಿ ಬರೆಯುತ್ತೆ. ಅಷ್ಟೇ."

"ಅಕ್ಕಿಯಲ್ಲಿ ಹುಳ ಆರಿಸಿದಂಗೆ," ಅಂದಿದ್ದ ಚೆನ್ನಿಯಪ್ಪನ್, ತೇಗುತ್ತ. ಅವನು ಹೇಳಿದ ಹೆಸರು ಪೂವಾಯಿ ಅಕ್ಕನದು.

ಈಗ ಲೈನಿನ ಕೊನೆಯಿಂದ ಮರಗದಂ ಅಕ್ಕನ ದನಿ ಬಂತು. "ನಿನ್ನ ಹೆಂಡ್ತಿ ಬಸುರಾದಾಗ ಕಕ್ಕಸಿಗೆ ಬೀಗ ಜಡಿದಿದ್ದೇನೋ, ನಾಯಿ?"

ಲೈನಿಡೀ ನಕ್ಕಿತು.

"ನಕ್ಕವರ ಹೆಸ್ರೆಲ್ಲ ತೆಗಿಯೋ ಅರುಳ್! ಈಗ್ಲೇ!"

ಕೂಗುತ್ತಲೇ ಚೆನ್ನಿಯಪ್ಪನ್ ಆಫೀಸಿಗೆ ನುಗ್ಗಿದ. ನಾನು ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅರುಳ್ ಗಡಿಬಿಡಿಯಲ್ಲಿ ಏನೇನೋ ತಿದ್ದಿ ಕೀಲಿ ಒತ್ತಿದ. ಮುಖ ಬಿಳಿಚಿಕೊಂಡಿತು.

"ಸಾರ್... ಓದೋಕೆ ಮುಂಚೆನೇ ಬರೆಯೋಕೆ ಅಂತ ಫೈಲ್ ತೆರೆದ್ಬಿಟ್ಟೆ. ಎಲ್ಲಾ ಹೆಸ್ರೂ ಅಳಿಸಿಹೋಯ್ತು."

"ಹಳೇದನ್ನ ಬೇರೆ ಕಡೆ ಇಟ್ಟಿಲ್ವಾ?"

"ಇಲ್ಲ ಸಾರ್."

"ಹೋಗ್ಲಿ ಬಿಡು. ಸಂಜೆವರೆಗೆ ತಡ್ಕೊಂಡಿರ್ಲಿ. ಸಾಯಲ್ಲ ಇವ್ರು." ಚೆನ್ನಿಯಪ್ಪನ್ ಕುರ್ಚಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ. ಕೋಳಿ ಸಾರಿನ ವಾಸನೆಯೂ ನನ್ನ ಕೈಯ ವಾಸನೆಯೂ ಒಂದಕ್ಕೊಂದು ಬೆರೆತವು.

ಊಟದ ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರೇ ಕಾರ್ಡು ತೋರಿಸಿದರು. ಎಲ್ಲರಿಗೂ ಕೆಂಪು ದೀಪ.

ಪೂವಾಯಿ ಅಕ್ಕ ಅಲ್ಲಿಗೆ ಹೋಗಲೇ ಇಲ್ಲ. ಒದ್ದೆ ಸೀರೆ ಕಾಲಿಗೆ ಬಡಿಯುತ್ತಿದ್ದಂತೆ ನೇರ ಆಫೀಸಿಗೆ, ಮ್ಯಾನೇಜರನ ಮೇಜಿಗೇ ಬಂದಳು. ಅವನ ಕುರ್ಚಿಯ ಹಿಂದೆ ಅವನದೇ ಕಕ್ಕಸು, ಬಿಳಿ ಟೈಲ್ಸಿನದು. ಅದಕ್ಕೆ ಕಾರ್ಡಿಲ್ಲ, ಬರೀ ಚಿಲಕ. ಅವಳು ಕೊರಳಿನ ಕಾರ್ಡು ಕಿತ್ತು ಅವನ ಅನ್ನದ ಮೇಲಿಟ್ಟಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹಿಂದೆಯೇ ಮರಗದಂ ಅಕ್ಕ ಬಂದು ತನ್ನ ಕಾರ್ಡನ್ನೂ ಸಾರಿಗೆ ಹಾಕಿದಳು. "ಬೇಗ ಮುಗಿಸ್ಬೇಡ ಪೂವಾಯಿ, ಆರಾಮಾಗಿ ಕೂತ್ಕೋ. ಸಾರ್ ಇನ್ನೂ ಉಣ್ತಾ ಅವ್ರೆ."

ಯಂತ್ರಗಳ ತನಕ ಸಾಲು ಬೆಳೆಯಿತು. ಒಳಗಿನ ಸದ್ದು ಎಲ್ಲರಿಗೂ ಕೇಳಿಸಿತು. ಚೆನ್ನಿಯಪ್ಪನ್ ಬಾಯಲ್ಲಿದ್ದ ತುತ್ತು ಉಗಿದ.

"ಹೆಸ್ರು ಬರ್ಕೊಳೋ! ಒಬ್ಬೊಬ್ಬಳದೂ ತೆಗೆದುಹಾಕು!"

"ತೆಗೆಯೋಕೆ ಫೈಲಲ್ಲಿ ಯಾರೂ ಉಳಿದಿಲ್ಲ ಸಾರ್."

"ಏ ಪೊರಕೆ! ಫಿನಾಯಿಲ್ ತಂದು ಸುರಿ ಈ ಮುಂಡೇರ ಮೇಲೆ!"

ಒದ್ದೆ ಬಟ್ಟೆಯನ್ನು ಅವನ ಬೂಟಿನ ಮೇಲೆ ಬಿಟ್ಟೆ. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಬೆಳಿಗ್ಗೆಯಿಂದ ನಾನೂ ತಡೆದುಕೊಂಡಿದ್ದೆ.