ಮೋತ್ಯಾ ಕಾದ ಕಂಬಳಿ

ನಾಯಿಯನ್ನು ವಿಮಾನದಲ್ಲಿ ಒಯ್ಯುವ ಪೆಟ್ಟಿಗೆ ಬೆಳಗಾವಿಯ ಶಿವಬಸವ ನಗರದ ಮನೆಗೆ ಬಂದ ದಿನ ಮೋತ್ಯಾ ಅದರ ಸುತ್ತ ಒಂದು ಸುತ್ತು ಹಾಕಿ, ಮೂಸಿ, ಹಿಂಗಾಲೆತ್ತಿ ತನ್ನ ಅಭಿಪ್ರಾಯ ತಿಳಿಸಿಬಿಟ್ಟಿತು. ಪ್ರಮಿಳಾ ಒಳಗೆ ಮಟನ್ ತುಂಡು ಇಟ್ಟು ನೋಡಿದಳು. ನಾಯಿ ಹಿಂಗಾಲೆರಡನ್ನೂ ಹೊರಗೇ ಊರಿ, ಕುತ್ತಿಗೆ ಚಾಚಿ ತುಂಡನ್ನು ಎಳೆದುಕೊಂಡು, ಸೋಫಾದ ಕೆಳಗೆ ಹೋಗಿ ತಿಂದಿತು. ಕಡೆಗೆ ಅವಳ ಮಗಳು ಪೂನಮ ತಾನೇ ಪೆಟ್ಟಿಗೆಯೊಳಗೆ ಮುದುಡಿ ಕೂತು "ಬಾರೋ ರಾಜಾ" ಎಂದು ಕರೆದಳು. ಮೋತ್ಯಾ ದೂರದಲ್ಲಿ ಕೂತು ಇವಳಿಗೇನಾಯಿತಪ್ಪ ಎಂಬಂತೆ ನೋಡಿತು.

"ನಾಯಿ ಬಿಡು, ನೀನ ಹಂಗ ಕುಂತು ಹೋಗಿಬಿಡು," ಎಂದ ಅಜ್ಜ ಭರಮಪ್ಪ.

ಭರಮಪ್ಪ ಪ್ರಮಿಳಾಳ ತಂದೆ. ಹಲಸಿಯಲ್ಲಿ ಕುರಿ ಕಾಯುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವನು. ಮೊಣಕಾಲು ಕೈಕೊಟ್ಟ ಮೇಲೆ ಹಿಂಡನ್ನು ತಮ್ಮನ ಮಗ ಸೋಮಲಿಂಗನಿಗೆ ಒಪ್ಪಿಸಿ, ಒಂದು ಕಂಬಳಿ ಮತ್ತು ಒಂದು ನಾಯಿಯೊಂದಿಗೆ ಬೆಳಗಾವಿಗೆ ಬಂದಿದ್ದ. ಮೊಣಕಾಲು ಹೋಗಿದ್ದರೂ ಬಾಯಿ ಮಾತ್ರ ಗಟ್ಟಿಯಿತ್ತು.

ಅಸಲಿಗೆ ಮೋತ್ಯಾ ಪೂನಮಳ ನಾಯಿ. ನರ್ಸಿಂಗ್ ಓದುವಾಗ ಗಟಾರದ ಬಾಜು ಸಿಕ್ಕ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳೇ. ಐರ್ಲೆಂಡಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಾಗ, ಅಂಗಳವಿರುವ ಮನೆ ಹಿಡಿದ ಮೇಲೆ ಒಯ್ಯುತ್ತೇನೆಂದು ಅಜ್ಜನ ಕೈಗಿಟ್ಟು ಹೋಗಿದ್ದಳು. ಅಜ್ಜ ಅದನ್ನು ಕುರಿ ಕಾಯುವ ನಾಯಿ ಮಾಡಿದ. ಈಗ ಅಂಗಳದ ಮನೆ ಸಿಕ್ಕಿತ್ತು, ಒಯ್ಯಲು ಪೂನಮ ರಜೆ ಹಾಕಿ ಬಂದಿದ್ದಳು.

"ಅಲ್ಲಿ ಕುರಿ ಅದಾವೇನವಾ?" ಎಂದು ಅವನು ಮೊದಲೇ ವಿಚಾರಿಸಿಕೊಂಡಿದ್ದ.

"ಮಂದಿಗಿಂತಾ ಕುರಿನ ಜಾಸ್ತಿ ಅಂತಾರಜ್ಜ."

"ಹಂಗಾದ್ರ ಒಳ್ಳೇ ದೇಶ. ಒಯ್ಯಿ."

ನಾಯಿ ಹೋಗಲೇಬೇಕೆಂದು ಎಲ್ಲರಿಗಿಂತ ಹೆಚ್ಚು ಹಟ ಅವನದೇ. ಓಡಿ ಬೆಳೆದ ಜೀವ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಸರಪಳಿ ಎಳೆಯುತ್ತ ಸಿಟಿ ಬಸ್ಸಿಗೆ ಬೊಗಳುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಹಲಸಿಗೆ ಕಳಿಸಿದರೆ ಸೋಮಲಿಂಗನ ನಾಯಿಗಳು ಹರಿದು ಹಾಕುತ್ತಿದ್ದವು. ಚುಚ್ಚುಮದ್ದು, ರಕ್ತಪರೀಕ್ಷೆ, ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್, ಎಲ್ಲ ಮುಗಿದಿತ್ತು. ಉಳಿದದ್ದು ಪೆಟ್ಟಿಗೆಯೊಂದೇ. ನಿದ್ದೆಯ ಔಷಧ ಕೊಡುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮುಂಬೈಯಲ್ಲಿ ರಂಪ ಮಾಡಿದರೆ ವಿಮಾನ ಹತ್ತಿಸಿಕೊಳ್ಳುವುದಿಲ್ಲ.

"ಇಷ್ಟಕ್ಕ ಯಾಕ ಒದ್ದಾಡ್ತೀರಿ?" ಎಂದು ಭರಮಪ್ಪ ಹೆಗಲ ಕಂಬಳಿ ತೆಗೆದು ಪೆಟ್ಟಿಗೆಯೊಳಗೆ ಹಾಸಿ, "ಕಾಯಿ" ಎಂದ. ಮೋತ್ಯಾ ಒಳಗೆ ಹೋಗಿ ಅದರ ಮೇಲೆ ಕೂತುಬಿಟ್ಟಿತು.

ತಾಯಿ ಮಗಳು ಬಾಯಿ ಬಿಟ್ಟುಕೊಂಡು ನೋಡಿದರು. ಭರಮಪ್ಪ ಮೀಸೆ ತಿರುವಿ, ಆ ಸಂಭ್ರಮದಲ್ಲೇ ಖಾನಾಪುರದ ಸಂತೆಗೆಂದು ಬಸ್ಸು ಹತ್ತಿದ. ಸಂತೆಯಲ್ಲಿ ಸೋಮಲಿಂಗ ಸಿಕ್ಕ, ಹಲಸಿಗೆ ಕರೆದ, ಊಟಕ್ಕೆ ಕೋಳಿ ಕೊಯ್ದ. ಇವನು ಮರುದಿನ ಮಧ್ಯಾಹ್ನ ತಿರುಗಿ ಬಂದ.

ಬಾಗಿಲು ತೆರೆದ ಪ್ರಮಿಳಾಳ ಮುಖ ಕೆಂಪಗಾಗಿತ್ತು. "ಅಪ್ಪಾ, ನಿನ್ನೆಯಿಂದ ಒಂದ ಹನಿ ನೀರ ಮುಟ್ಟಿಲ್ಲ ಅದು. ಪೂನಿ ಕೈ ಹಾಕಿದ್ರ ಕಚ್ಚಾಕ ಬರ್ತೈತಿ!"

ಮೋತ್ಯಾ ಇನ್ನೂ ಅಲ್ಲೇ ಕೂತಿತ್ತು. ಇವನು ಕಂಬಳಿ ಎತ್ತಿದ್ದೇ ತಡ, ಹೊರಗೆ ಜಿಗಿದು ಗಟಗಟ ನೀರು ಕುಡಿಯಿತು. ಭರಮಪ್ಪ ಹಣೆ ಬಡಿದುಕೊಂಡ. ತನ್ನ ಬುದ್ಧಿಗೆ ಮಂಕು ಕವಿದಿತ್ತು. ಕುರಿಗಾರನು ಕಂಬಳಿ ಹಾಸಿ ಹೋದರೆ, ಹಾಸಿದವನೇ ಬಂದು ಎತ್ತುವ ತನಕ ನಾಯಿ ಕದಲಬಾರದು. ಕಲಿಸಿದವನು ಇವನೇ, ಮರೆತವನೂ ಇವನೇ.

"ಹಿಂಗ ಕಳಸಿದ್ರ ಅಲ್ಲಿ ಕಂಬಳಿ ಎತ್ತೋರ್ಯಾರು?" ಎಂದು ಕುಸಿದು ಕೂತ. "ಅಜ್ಜ ಬರ್ತಾನಂತ ಕಾದು ಕಾದು ಸಾಯ್ತೈತಿ."

ಪೂನಮ ಅವನ ಪಕ್ಕ ಕೂತಳು. "ಮತ್ತ ನಿಮ್ಮೊಳಗ ನಾಯಿ ಬ್ಯಾರೆಯವರಿಗೆ ಕೊಡಬೇಕಾದ್ರ ಹೆಂಗ ಮಾಡ್ತಿದ್ರಜ್ಜ?"

ಭರಮಪ್ಪನಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. "ಬರೇ ನಾಯಿ ಕೊಡ್ತಿದ್ದಿಲ್ಲವಾ," ಎಂದ ಕಡೆಗೆ. "ಕಂಬಳಿನೂ ಕೊಡ್ತಿದ್ರು. ಕೊಟ್ಟಾಂವ ಆಮ್ಯಾಲೆ ನಾಯಿನ್ನ ಮಾತಾಡಸ್ತಿದ್ದಿಲ್ಲ."

ಎದ್ದು, ನಾಯಿಯ ಎದುರಿಗೇ ಕಂಬಳಿಯನ್ನು ಮೊಮ್ಮಗಳ ಹೆಗಲಿಗೆ ಹಾಕಿದ.

ಅಂದಿನಿಂದ ಪೂನಮಳಿಗೆ ಕಂಬಳಿಯೇ ಗತಿಯಾಯಿತು. ಹೊದ್ದುಕೊಂಡೇ ಮಲಗಿದಳು, ಹೊದ್ದುಕೊಂಡೇ ಮೋತ್ಯಾನನ್ನು ತಿರುಗಾಡಿಸಿದಳು. ಹಾಲಿನ ಅಂಗಡಿಯಲ್ಲಿ ನೆರೆಮನೆಯ ಸಂಗವ್ವ ತಡೆದು ಕೇಳಿಯೇಬಿಟ್ಟಳು.

"ಫಾರಿನ್ನಿಗೆ ಹೊಂಟಾಕಿ, ಇದೇನ ಅವತಾರನವಾ?"

"ಅಲ್ಲಿ ಭಾಳ ಥಂಡಿ ಐತ್ರಿ. ಈಗಿಂದ ರೂಢಿ ಮಾಡ್ಕೊಳ್ಳಾಕತ್ತೀನಿ."

ಪೆಟ್ಟಿಗೆಯಲ್ಲಿ ಅವಳೇ ಹಾಸಿದಳು, ಅವಳೇ ಎತ್ತಿದಳು. ಮೊದಮೊದಲು ಮೋತ್ಯಾ ಒಳಗೆ ಹೋಗುವ ಮುನ್ನ ಅಜ್ಜನ ಕಡೆ ತಿರುಗಿ ನೋಡುತ್ತಿತ್ತು. ಅವನು ಟಿವಿ ಕಡೆ ನೋಡುತ್ತಿದ್ದ; ಟಿವಿ ಬಂದ್ ಆಗಿದ್ದರೂ ನೋಡುತ್ತಿದ್ದ. ಅದು ಬಂದು ಮೊಣಕಾಲಿಗೆ ಮೂತಿ ಒರೆಸಿದಾಗ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಕುರಿ ಹಿಂಡು ಬಿಟ್ಟುಕೊಟ್ಟಾಗಲೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ.

ಮುಂಬೈಗೆ ಹೊರಡುವ ಮುನ್ನ ಅವನೇ ಎಲ್ಲರನ್ನೂ ಹಲಸಿಗೆ ಕರೆದೊಯ್ದ. ಮೋತ್ಯಾ ಬೆಳೆದ ಬಯಲು ಅದು. ಅಲ್ಲೂ ಅದು ಪೂನಮಳ ಮಾತಿಗೆ ನಿಂತರೆ ಪರೀಕ್ಷೆ ಪಾಸಾದಂತೆ ಎಂಬುದು ಅವನ ಲೆಕ್ಕ. ಸೋಮಲಿಂಗ ತನ್ನ ನಾಯಿಗಳನ್ನು ಕಟ್ಟಿಹಾಕಿದ್ದ. ಪೂನಮ ಮಾವಿನ ಮರದ ಕೆಳಗೆ ಕಂಬಳಿ ಹಾಸಿ, "ಕಾಯಿ" ಎಂದು ಹೇಳಿ, ಸೋಮಲಿಂಗನ ಕುರಿಗಳತ್ತ ದೂರ ಹೋದಳು. ಮೋತ್ಯಾ ಕೂತಿತು. ಸೋಮಲಿಂಗ ಹತ್ತಿರ ಬಂದರೆ ಗುರ್ರೆಂದಿತು.

"ಆತಲ್ಲ ದೊಡ್ಡಪ್ಪ, ಪಾಸ್!" ಎಂದ ಸೋಮಲಿಂಗ.

"ನಿನಗ ಗುರ್ ಅಂದ್ರ ಏನ ಬಂತೋ? ನಾ ಮುಟ್ಟಬೇಕು."

ಭರಮಪ್ಪ ಕಾಲೆಳೆಯುತ್ತ ಹೋದ. ಇಷ್ಟು ದಿನ ಮಾತಾಡಿಸದವನು ಬರುತ್ತಿರುವುದನ್ನು ಕಂಡು ಮೋತ್ಯಾನ ಬಾಲ ನೆಲಕ್ಕೆ ಪಟಪಟ ಬಡಿಯಿತು. ಎದ್ದು ಬಂದೇಬಿಟ್ಟೀತೆಂದು ಅವನಿಗೆ ಹೆದರಿಕೆ. ಬರಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ. ನೋವು ನುಂಗಿಕೊಂಡು ಬಗ್ಗಿ, ಕಂಬಳಿಯ ಅಂಚು ಹಿಡಿದ.

ಮೋತ್ಯಾ ಬಾಲ ಅಲ್ಲಾಡಿಸುತ್ತಲೇ ಹಲ್ಲು ತೋರಿಸಿತು.

ಅವನು ತುಸು ಎಳೆದ. ಗುರ್ರೆನ್ನುವ ಸದ್ದು ದೊಡ್ಡದಾಯಿತು. ಭರಮಪ್ಪ ಕೈ ಬಿಟ್ಟು, ಕಣ್ಣೊರೆಸಿಕೊಂಡು, "ಶಾಬಾಸ್ ಮಗನ," ಎಂದ. ಆಮೇಲೆ ಬಯಲಿಗೆಲ್ಲ ಕೇಳುವಂತೆ ಕೂಗಿದ:

"ಪೂನೀ, ಬಾರವಾ. ನಿನ್ನ ಕಂಬಳಿ ಎತ್ಕೋ."