ಮರ್ವಿನ್ ಕೋಟೆಯ ‘ಎಂ’

ಕೊಲ್ಲಿ ದೇಶದ ಮಾಹೂಝ್‌ನಲ್ಲಿ ಗುಡ್ಡವಿಲ್ಲ. ಹಾಗಾಗಿ ಮರ್ವಿನ್ ತನ್ನ ಇಟಲಿಯ ಕೋಟೆಯನ್ನು ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಕಟ್ಟಿಸಿದ. ಅವನ ಹೊಸ ಹೋಟೆಲಿಗೆ ಗತ್ತು ಬೇಕಲ್ಲ. ರೋಮಿಗೆ ಯಾತ್ರೆ ಹೋಗಿದ್ದಾಗ ದಾರಿಯಲ್ಲಿ ಯಾವುದೋ ಗುಡ್ಡದೂರಿನ ಹಳೆಯ ಕೋಟೆಯೆದುರು ಫೋಟೊ ತೆಗೆಸಿಕೊಂಡಿದ್ದ. ಏಳುನೂರು ವರ್ಷಗಳ ಚರಿತ್ರೆ ಅಷ್ಟರಲ್ಲೇ ಅವನಿಗೆ ಅರ್ಥವಾಗಿತ್ತು. ಬಾಣ ಬಿಡುವ ಕಿರುಗಂಡಿಗಳಲ್ಲಿ ಎ.ಸಿ. ಕೂತಿತು. ಶತ್ರುವಿನ ತಲೆಗೆ ಕಲ್ಲು ಬೀಳಿಸಲೆಂದೇ ಗೋಡೆಯ ನೆತ್ತಿಯಲ್ಲಿ ಬಿಡುತ್ತಿದ್ದ ತೂತುಗಳಿಂದ ಪ್ಲಾಸ್ಟಿಕ್ ದ್ರಾಕ್ಷಿ ಜೋತುಬಿತ್ತು.

ಅವನ ತಮ್ಮ ಆಲ್‌ಸ್ಟನ್‌ನ ಹೆಂಡತಿ ರೆಶ್ಮಾ ಕಟ್ಟಡಗಳ ಇತಿಹಾಸವನ್ನೇ ಓದಿದವಳು. ಆಲ್‌ಸ್ಟನ್ ತೀರಿಕೊಂಡ ಮೇಲೆ ಅವಳ ವೀಸಾವೂ ಮುಗಿಯುವುದರಲ್ಲಿತ್ತು. ಅವನನ್ನು ಮಣ್ಣು ಮಾಡಿದ್ದು ಇಲ್ಲೇ. ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಮ್ಯಾನೇಜರ್ ಎಂದು ಹೊಸ ವೀಸಾ ಮಾಡಿಸಿಕೊಡಲು ಮರ್ವಿನ್ ಒಪ್ಪಿದ್ದ. ಬದಲಿಗೆ, ಹೋಟೆಲನ್ನು ಆಶೀರ್ವದಿಸಲು ಬರುವ ಪಾದ್ರಿಗಳಿಗೆ ಅವಳು ಕೋಟೆಯ ಚರಿತ್ರೆ ಹೇಳಬೇಕು, ಅವನ ಮರ್ಯಾದೆ ಹೆಚ್ಚುವ ಹಾಗೆ.

ಆಶೀರ್ವಾದದ ಹಿಂದಿನ ದಿನ ನೋಡಲು ಬಂದವಳು, ಗೋಡೆಯ ಅಂಚಿನುದ್ದಕ್ಕೂ ಹಲ್ಲಿನ ಸಾಲಿನಂತೆ ಎದ್ದು ನಿಂತ ಕೋಟೆಯ ತೆನೆಗಳ ಮೇಲೆ ಕಣ್ಣಿಟ್ಟು ನಿಂತಳು. ಒಂದೊಂದು ತೆನೆಯೂ ನಡುವೆ ಸೀಳಿ, ಎರಡು ಕೊಂಬು ಎತ್ತಿಕೊಂಡಿತ್ತು.

“ಎಂತ ನೋಡ್ತಿ? ಅದು ‘ಎಂ’. ಮರ್ವಿನ್‌ನ ‘ಎಂ’. ಇಟಲಿಯಲ್ಲಿ ದೇವರೇ ತೋರಿಸಿದ್ದು ನಂಗೆ,” ಎಂದ ಮರ್ವಿನ್. “ಆಲ್‌ಸ್ಟನ್‌ಗೆ ಇಂಥದ್ದೆಲ್ಲ ಎಲ್ಲಿ ಹೊಳೀತಿತ್ತು? ಪಾಪ, ಅವನಿಗೆ ತಲೆ ಕಮ್ಮಿ.”

ರೆಶ್ಮಾ ಬಾಯಿ ಮುಚ್ಚಿಕೊಂಡಿದ್ದರೆ ವೀಸಾ ಬರುತ್ತಿತ್ತು. ಗಂಡನ ತಲೆಯ ಮಾತು ಬರುವವರೆಗೂ ಮುಚ್ಚಿಕೊಂಡೇ ಇದ್ದಳು. ಆಗಿನ ಇಟಲಿಯ ಊರುಗಳಲ್ಲಿ ಎರಡು ಪಕ್ಷಗಳಿದ್ದವೆಂದೂ, ಚೌಕ ತೆನೆ ಪೋಪರ ಕಡೆಯವರದು, ಸೀಳಿದ ತೆನೆ ಚಕ್ರವರ್ತಿಯ ಕಡೆಯವರದು ಎಂಬ ಮಾತಿದೆಯೆಂದೂ ಹೇಳಿದಳು.

“ಇದು ಪೋಪರ ಮೇಲೆ ಕತ್ತಿ ಎತ್ತಿದವರ ಗುರುತು, ಬಾವ. ನಾಳೆ ಪಾದ್ರಿಗಳು ತೀರ್ಥ ಚಿಮುಕಿಸುವುದು ಇದಕ್ಕೇ.”

ಮರ್ವಿನ್‌ನ ಮುಖ ಸುಣ್ಣವಾಯಿತು. “ಪಾದ್ರಿಗಳಿಗೆ ಗೊತ್ತಾಗ್ತದಾ?”

“ರೋಮಿನಲ್ಲಿ ಓದಿದವರು.”

ಸಂಜೆಯೊಳಗೆ ಸೀಳುಗಳಿಗೆಲ್ಲ ಪ್ಲಾಸ್ಟರ್ ತುಂಬಿ, ತೆನೆಗಳು ಚೌಕವಾದವು. ‘ಎಂ’ ಒಂದೂ ಉಳಿಯಲಿಲ್ಲ.

ಮರುದಿನ ರೆಶ್ಮಾ ಬಾಯಿ ತೆರೆಯುವ ಮೊದಲೇ ಮರ್ವಿನ್ ಪಾದ್ರಿಗಳ ತೋಳು ಹಿಡಿದು ಮೇಲೆ ತೋರಿಸಿದ. “ಚೌಕ ತೆನೆ, ಫಾದರ್. ಪೋಪರ ಪಕ್ಷ. ನಾನೇ ಹೇಳಿ ಮಾಡಿಸಿದ್ದು.”

ಪಾದ್ರಿಗಳು ಮೆಚ್ಚಿದರು. ಈಕೆ ಯಾರೆಂದು ಕೇಳಿದರು.

“ತಮ್ಮನ ಹೆಂಡತಿ. ಊರಿಗೆ ಹೊರಟಿದ್ದಾಳೆ.”

ಚರಿತ್ರೆ ಅವನಿಗೆ ಬಾಯಿಪಾಠವಾಗಿತ್ತು; ಇನ್ನು ಮ್ಯಾನೇಜರ್ ಯಾಕೆ? ರೆಶ್ಮಾ ತಲೆ ಎತ್ತಿದಳು. ತೆನೆಗಳ ಸೀಳುಗಳಲ್ಲಿ ಪ್ಲಾಸ್ಟರ್ ಇನ್ನೂ ಹಸಿ. ಅದು ಮೆಲ್ಲಗೆ ಕುಸಿದು, ಒಂದೊಂದೇ ‘ಎಂ’ ಮತ್ತೆ ಕೊಂಬು ಎತ್ತುತ್ತಿತ್ತು.

ಪಾದ್ರಿಗಳು ತೀರ್ಥಕ್ಕೆ ಕೈ ಹಾಕಿದರು. ಈ ಸಲ ಅವಳು ಏನೂ ಹೇಳಲಿಲ್ಲ.