ಏಳು ಮರಗಳ ಅಳತೆ

ನಮ್ಮ ಹೊಲಿಗೆ ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾದಾಗ ಕೈಯಲ್ಲಿ ಉಳಿದಿದ್ದದ್ದು ನಾಲ್ಕೇ ತಿಂಗಳು. ಊರಂಚಿನಲ್ಲಿ, ಕಾಡಿಗೆ ತಾಗಿಕೊಂಡು ನಮ್ಮದೊಂದು ಸೈಟ್ ಇತ್ತು. ಅಲ್ಲೊಂದು ದೊಡ್ಡ ಕೋಣೆ ಎಬ್ಬಿಸಿದರೆ ನಾಲ್ಕು ಮಷೀನು, ನಾನು, ಗುಂಡಿಗೆ ಕಾಜಾ ಹಾಕುವ ನಮ್ಮತ್ತೆ ಎಲ್ಲರೂ ಬಚಾವು. ಇಲ್ಲದಿದ್ದರೆ ಇಪ್ಪತ್ತು ವರ್ಷದ ಗಿರಾಕಿಗಳು ಚೆಲ್ಲಾಪಿಲ್ಲಿ.

ಕಟ್ಟಲು ಪರವಾನಗಿ ಬೇಕು, ಪರವಾನಗಿಗೆ ಮರಗಳ ಪಟ್ಟಿ ಬೇಕು. ಎದೆಯೆತ್ತರದಲ್ಲಿ ಸುತ್ತಳತೆ ಮೂವತ್ತು ಇಂಚು ಮುಟ್ಟಿದ ಮರವನ್ನು ಕಡಿಯುವಂತಿಲ್ಲ, ಅದರ ಬುಡದ ಸುತ್ತ ಹತ್ತಡಿ ಅಗೆಯುವಂತಿಲ್ಲ. ಅದಕ್ಕಿಂತ ಸಣ್ಣದನ್ನು ಕಡಿದರೆ ಒಂದಕ್ಕೆ ಎರಡು ಸಸಿ ನೆಡಬೇಕು. ಅಳೆಯುವ ಕೆಲಸಕ್ಕೆ ಬೇರೆಯವರೇಕೆ? ನಾನೇ ಟೇಪು ಹಿಡಿದು ಅಳತೆ ಕೂಗಿದೆ, ಅತ್ತೆ ಪುಸ್ತಕದಲ್ಲಿ ಬರೆದುಕೊಂಡರು. ಇದ್ದದ್ದು ಏಳು ಮರ, ಏಳೂ ಕಡಿಯಬಾರದವು! ನಕ್ಷೆಯಲ್ಲಿ ಕೋಣೆಗೆ ಜಾಗವೇ ಉಳಿಯಲಿಲ್ಲ. ಅರ್ಜಿ ವಾಪಸ್ ಬಂತು.

ಅಳುಮೋರೆ ಹಾಕಿಕೊಂಡು ಕಚೇರಿಗೆ ಹೋದೆ. ಮರಗಳ ಪಟ್ಟಿ ನೋಡುವ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಕೂತಲ್ಲೇ 'ಆಗುವುದಿಲ್ಲ' ಎಂದು ಸಹಿ ಹಾಕಬಹುದಿತ್ತು. ಆಕೆ ಅರ್ಜಿಯಲ್ಲಿದ್ದ ಮರಗಳ ಫೋಟೋಗಳನ್ನು ಎರಡೆರಡು ಸಲ ತಿರುವಿ, "ಈ ಮೂರು ಅಷ್ಟು ದಪ್ಪ ಕಾಣಲ್ವಲ್ಲ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ" ಎಂದರು.

ಹೇಳಿದಂತೆ ಬಂದರು, ತಮ್ಮದೇ ಟೇಪು ಹಿಡಿದು.

"ಇದು ಇಪ್ಪತ್ತೆಂಟು."

ಅತ್ತೆ ಪುಸ್ತಕ ನೋಡಿದರು. "ನಮ್ದರಲ್ಲಿ ಮೂವತ್ತಿದೆಯಲ್ಲಾ ತಾಯಿ."

"ಇದು ಇಪ್ಪತ್ತೊಂಬತ್ತು."

"ಮೂವತ್ತೊಂದು."

"ಈ ದೊಡ್ಡದು ನಲವತ್ತು."

"ನಲವತ್ತೆರಡು."

ಅಧಿಕಾರಿ ನನ್ನ ಕಡೆ ತಿರುಗಿದರು. "ಏನಮ್ಮಾ ಇದು, ಎಲ್ಲದಕ್ಕೂ ಸರಿಯಾಗಿ ಎರಡಿಂಚು ಜಾಸ್ತಿ?"

ಸುಳ್ಳು ಲೆಕ್ಕ ಕೊಟ್ಟೆನೆಂದು ಕೇಸು ಹಾಕಿದರೆ? ಅಷ್ಟರಲ್ಲಿ ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಗಿತ್ತಿ! ಮರಕ್ಕೂ ಲೂಸ್ ಇಟ್ಟುಬಿಟ್ಯಾ?"

ಬಟ್ಟೆ ಮೈಗೆ ಬಿಗಿಯಾಗದಿರಲೆಂದು ಅಳತೆಗೆ ಎರಡಿಂಚು ಸೇರಿಸಿಯೇ ಕೂಗುವುದು ನನ್ನ ರೂಢಿ. ಬಾಯಿ ತಾನಾಗಿಯೇ ಕೂಗಿಬಿಟ್ಟಿತ್ತು.

ಅಧಿಕಾರಿ ಮರಕ್ಕೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಮ್ಮಿ ಬರೆದು ಸಿಕ್ಕಿಬೀಳೋರನ್ನ ದಿನಾ ನೋಡ್ತೀನಿ. ಜಾಸ್ತಿ ಬರೆದು ತಮಗೇ ಗುಂಡಿ ತೋಡಿಕೊಂಡೋರು ನೀವೇ ಮೊದಲು!"

ಏಳನ್ನೂ ಅಳೆದು ಮುಗಿಸಿದರು. ಮೂರು ಸಣ್ಣವು, ನಾಲ್ಕು ದೊಡ್ಡವು. ಆಮೇಲೆ ಆಕೆ ಮಾಡಿದ್ದು ಯಾವ ನಿಯಮದಲ್ಲೂ ಇರಲಿಲ್ಲ. ಹೆಜ್ಜೆ ಹಾಕಿ ಸೈಟ್ ಅಳೆದು, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದರು. "ಕೋಣೆಯನ್ನ ರಸ್ತೆಗೆ ಅಡ್ಡವಾಗಿ ತಿರುಗಿಸಿ. ಮೂರು ಬೇಡ, ಒಂದು ಕಡಿದ್ರೆ ಸಾಕು."

ಅಧಿಕಾರಿ ತಿದ್ದಿದ ಪಟ್ಟಿಗೆ ಅಲ್ಲೇ ಸಹಿ ಹಾಕುವಾಗ ಅತ್ತೆ ಆಕೆಯ ಹತ್ತಿರ ಹೋಗಿ ಪಿಸುಗುಟ್ಟಿದರು: "ಅಳತೆ ತಪ್ಪಿದ್ದು ಟೈಲರ್ ಅಂತ ಮಾತ್ರ ಬರೀಬೇಡಮ್ಮ."

ಹನ್ನೊಂದು ದಿನಕ್ಕೆ ಪರವಾನಗಿ ಬಂತು. ಅಂಗಡಿ ಒಡೆಯುವ ಹಿಂದಿನ ವಾರ ನಾಲ್ಕೂ ಮಷೀನು ಹೊಸ ಕೋಣೆಗೆ ಬಂದವು. ಅಧಿಕಾರಿಗೊಂದು ಕುಪ್ಪಸ ಹೊಲಿದು ಕೊಡುತ್ತೇನೆಂದರೆ ಬಿಲ್‌ಕುಲ್ ಒಪ್ಪಲಿಲ್ಲ. "ಎರಡು ಸಸಿ ಬದುಕಿಸಿ, ಸಾಕು" ಎಂದರು. ಬೆಳಿಗ್ಗೆ ಮಷೀನು ತುಳಿಯುವ ಮೊದಲು ಒಂದೊಂದು ಸಸಿಗೆ ಒಂದೊಂದು ಕೊಡ ನೀರು ಹಾಕಿ ಬರುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.